ಸಲ್ಫೈಡ್ (ಗಂಧಕ ಕೂಡಿದ) ಅದಿರಿನೊಳಗಿನ ಲೇಶಧಾತುಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಸತುವಿನ ಅದಿರು ಅಂದ ಕೂಡಲೇ ನಾವು ಸತುವಿನ ಲೆಕ್ಕ ಮಾತ್ರ ಹಾಕುತ್ತೇವೆ. ತಾಮ್ರದ ಅದಿರಾದರೆ ತಾಮ್ರದ ಲೆಕ್ಕ. ಅದೇ ಕಲ್ಲಿನಲ್ಲಿ ಚಿಟಿಕೆಗಿಂತ ಕಡಿಮೆ ಇರುವ ಹತ್ತಾರು ಧಾತುಗಳು ಯಾರ ಗಮನಕ್ಕೂ ಬರುವುದಿಲ್ಲ. ನನಗೆ ಇದು ಬಹಳ ದಿನದಿಂದ ಕಾಡುತ್ತಿರುವ ವಿಷಯ. ನಿಮ್ಮ ಕೈಯಲ್ಲಿರುವ ಮೊಬೈಲ್ ಪರದೆಗೆ ಬೇಕಾದ ಇಂಡಿಯಂ ಲೋಹ ಬರುವುದು ಆ ಚೂರಿನಿಂದ. ಯಾದಗಿರಿಯ ಒಂದು ತಾಂಡಾದ ಬಾವಿ ನೀರು ಕೆಟ್ಟಿದ್ದೂ ಅಂಥದೇ ಚೂರಿನಿಂದ. ಭೂವಿಜ್ಞಾನ ಓದುತ್ತಿರುವವರು, ಗಣಿ ಊರುಗಳ ಜನ, ಕುತೂಹಲದಿಂದ ಕೇಳುವವರು ನನ್ನ ಮುಂದಿಟ್ಟ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ಸಲ್ಫೈಡ್ ಖನಿಜ ಅಂದರೆ ಏನು?

ಲೋಹ ಗಂಧಕದ ಜೊತೆ ಕೂಡಿ ಆದ ಖನಿಜ. ಸತು ಮತ್ತು ಗಂಧಕ ಸೇರಿದರೆ ಸ್ಫಾಲರೈಟ್. ಸೀಸ ಮತ್ತು ಗಂಧಕ ಸೇರಿದರೆ ಗೆಲೀನಾ. ಕಬ್ಬಿಣ ಮತ್ತು ಗಂಧಕದಿಂದ ಪೈರೈಟ್, ಅಂದರೆ ಚಿನ್ನದ ಹಾಗೆ ಹೊಳೆಯುವ ಕಲ್ಲು. ತಾಮ್ರ, ಕಬ್ಬಿಣ, ಗಂಧಕ ಮೂರೂ ಸೇರಿದರೆ ಚಾಲ್ಕೊಪೈರೈಟ್. ಕಬ್ಬಿಣ, ಆರ್ಸೆನಿಕ್, ಗಂಧಕ ಸೇರಿದರೆ ಆರ್ಸೆನೋಪೈರೈಟ್. ಈ ಐದು ಹೆಸರು ನೆನಪಿಟ್ಟುಕೊಂಡರೆ ಮುಂದಿನದೆಲ್ಲ ಸಲೀಸು.

ಲೇಶಧಾತು ಅಂತ ಯಾವಾಗ ಕರೆಯಬೇಕು? ಎಷ್ಟು ಕಡಿಮೆ ಇರಬೇಕು?

ರೂಢಿಯಲ್ಲಿ ನೂರಕ್ಕೆ 0.1 ಪಾಲಿಗಿಂತ ಕಡಿಮೆ ಇದ್ದರೆ ಲೇಶಧಾತು. ಹತ್ತು ಲಕ್ಷಕ್ಕೆ ಇಷ್ಟು ಪಾಲು ಅಂತ ಅಳೆಯುತ್ತಾರೆ, ಅದೇ ಪಿಪಿಎಂ. ಒಂದು ಟನ್ ಕಲ್ಲಿನಲ್ಲಿ ಒಂದು ಗ್ರಾಂ ಇದ್ದರೆ 1 ಪಿಪಿಎಂ.

ಇದನ್ನು ಅಕ್ಕಿಯಲ್ಲಿ ಹೇಳುತ್ತೇನೆ. 50 ಕೆಜಿಯ ಇಪ್ಪತ್ತು ಮೂಟೆ ಅಕ್ಕಿ ತಂದು ಸುರಿಯಿರಿ. ಒಂದು ಟನ್ ಆಯಿತು. ಅದರಲ್ಲಿ ಸುಮಾರು ಐವತ್ತು ಕಾಳು ಮಾತ್ರ ಬೇರೆ ಬಣ್ಣದ್ದಿದ್ದರೆ ಅದು 1 ಪಿಪಿಎಂ. ಚಿನ್ನದ ಗಣಿಯಲ್ಲಿ ಟನ್ನಿಗೆ ನಾಲ್ಕೈದು ಗ್ರಾಂ ಸಿಕ್ಕರೆ ಒಳ್ಳೆಯ ಅದಿರು ಅನ್ನುತ್ತಾರೆ. ಅಂದರೆ ಚಿನ್ನದ ಅದಿರಿನಲ್ಲಿ ಚಿನ್ನವೇ ಒಂದು ಲೇಶಧಾತು!

ಗಡಿ ಅಷ್ಟು ಬಿಗಿಯಲ್ಲ. ಸ್ಫಾಲರೈಟ್‌ನಲ್ಲಿ ಕ್ಯಾಡ್ಮಿಯಂ ಎಷ್ಟೋ ಕಡೆ 0.1ರಿಂದ 0.5 ಶೇಕಡಾವರೆಗೆ ಇರುತ್ತದೆ. ಕಬ್ಬಿಣ ಕೆಲವೊಮ್ಮೆ 10 ಶೇಕಡಾ ದಾಟುತ್ತದೆ. ಕಬ್ಬಿಣ ಕಡಿಮೆ ಇದ್ದ ಸ್ಫಾಲರೈಟ್ ಜೇನುತುಪ್ಪದ ಬಣ್ಣ, ಜಾಸ್ತಿ ಇದ್ದದ್ದು ಕಪ್ಪು. ಒಂದೇ ಖನಿಜ ಅಂತ ನಂಬುವುದೇ ಕಷ್ಟ.

ಬೇರೆ ಧಾತು ಆ ಹರಳಿನೊಳಗೆ ಹೇಗೆ ಸೇರಿಕೊಳ್ಳುತ್ತದೆ?

ಮೂರು ದಾರಿ ಇವೆ. ಯಾವ ದಾರಿಯಿಂದ ಬಂತು ಅನ್ನುವುದರ ಮೇಲೆ ಅದನ್ನು ಹೊರತೆಗೆಯುವ ಖರ್ಚು ನಿಂತಿದೆ. ಹಾಗಾಗಿ ಇದು ಬರೀ ಪುಸ್ತಕದ ಪ್ರಶ್ನೆ ಅಲ್ಲ.

ಮೊದಲನೆಯದು, ಜಾಗ ಹಿಡಿಯುವುದು. ಹರಳಿನಲ್ಲಿ ಪ್ರತಿ ಪರಮಾಣುವಿಗೂ ಒಂದು ಗೊತ್ತಾದ ಜಾಗ ಇರುತ್ತದೆ. ಸತುವಿನ ಜಾಗದಲ್ಲಿ ಕಬ್ಬಿಣ ಕೂರಬಹುದು, ಗಾತ್ರ ಹತ್ತಿರ ಹತ್ತಿರ ಒಂದೇ. ಕ್ಯಾಡ್ಮಿಯಂ ಸ್ವಲ್ಪ ದಪ್ಪ, ಆದರೂ ಒತ್ತಿಕೊಂಡು ಕೂರುತ್ತದೆ. ಇಂಡಿಯಂ ವಿಷಯ ಬೇರೆ. ಸತುವಿನ ವಿದ್ಯುದಂಶ ಎರಡು, ಇಂಡಿಯಂನದು ಮೂರು. ಲೆಕ್ಕ ತಪ್ಪುತ್ತದೆ, ಅಲ್ವಾ? ಅದಕ್ಕೆ ಇಂಡಿಯಂ ಒಂಟಿಯಾಗಿ ಬರುವುದಿಲ್ಲ. ಒಂದು ವಿದ್ಯುದಂಶದ ತಾಮ್ರವನ್ನು ಜೊತೆಗೆ ಕರೆದುಕೊಂಡು ಬರುತ್ತದೆ. ಎರಡು ಸತು ಎದ್ದುಹೋಗಿ, ಆ ಜಾಗದಲ್ಲಿ ಒಂದು ತಾಮ್ರ, ಒಂದು ಇಂಡಿಯಂ ಕೂರುತ್ತವೆ. ಎರಡು ಎರಡು ನಾಲ್ಕು, ಒಂದು ಮೂರು ನಾಲ್ಕು. ಗೆಲೀನಾದಲ್ಲಿ ಬೆಳ್ಳಿ ಸೇರುವುದೂ ಹೀಗೇ: ಎರಡು ಸೀಸದ ಬದಲು ಒಂದು ಬೆಳ್ಳಿ, ಒಂದು ಬಿಸ್ಮತ್ ಅಥವಾ ಆಂಟಿಮನಿ.

ಎರಡನೆಯದು, ಬೇರೆ ಖನಿಜದ ಸಣ್ಣ ಕಣವೇ ಹರಳಿನೊಳಗೆ ಸಿಕ್ಕಿಬೀಳುವುದು. ಬೆಲ್ಲದಚ್ಚಿನಲ್ಲಿ ಎಳ್ಳು ಸಿಕ್ಕಿದ ಹಾಗೆ. ಅಚ್ಚು ಒಡೆದರೆ ಎಳ್ಳು ಬೇರೆ ಬರುತ್ತದೆ.

ಮೂರನೆಯದು, ನ್ಯಾನೋ ಕಣ. ಮೀಟರಿನ ನೂರು ಕೋಟಿ ಪಾಲಿನಲ್ಲಿ ಅಳೆಯುವಷ್ಟು ಸಣ್ಣದು. ಮಾಮೂಲಿ ಸೂಕ್ಷ್ಮದರ್ಶಕಕ್ಕೆ ಕಾಣುವುದಿಲ್ಲ, ಆದರೂ ಅದು ಬೇರೆಯೇ ವಸ್ತು. ಚಿನ್ನ ಈ ರೂಪದಲ್ಲೂ ಇರುತ್ತದೆ, ಮೊದಲನೆಯ ರೂಪದಲ್ಲೂ ಇರುತ್ತದೆ.

ಯಾವ ಖನಿಜದಲ್ಲಿ ಯಾವ ಧಾತು ಹುಡುಕಬೇಕು?

ಸ್ಫಾಲರೈಟ್ ಎಲ್ಲಕ್ಕಿಂತ ದೊಡ್ಡ ಛತ್ರ. ಕ್ಯಾಡ್ಮಿಯಂ, ಇಂಡಿಯಂ, ಗ್ಯಾಲಿಯಂ, ಜರ್ಮೇನಿಯಂ, ಮ್ಯಾಂಗನೀಸ್, ಕೋಬಾಲ್ಟ್, ಪಾದರಸ ಎಲ್ಲಕ್ಕೂ ಅಲ್ಲಿ ಜಾಗ ಉಂಟು. ಗೆಲೀನಾದಲ್ಲಿ ಬೆಳ್ಳಿ, ಬಿಸ್ಮತ್, ಆಂಟಿಮನಿ, ಥ್ಯಾಲಿಯಂ. ಪೈರೈಟ್‌ನಲ್ಲಿ ಆರ್ಸೆನಿಕ್, ಕೋಬಾಲ್ಟ್, ನಿಕ್ಕಲ್, ಸೆಲೆನಿಯಂ, ಚಿನ್ನ. ಸೆಲೆನಿಯಂ ಲೋಹದ ಜಾಗಕ್ಕೆ ಹೋಗುವುದಿಲ್ಲ, ಗಂಧಕದ ಜಾಗದಲ್ಲೇ ಕೂರುತ್ತದೆ.

ಚಾಲ್ಕೊಪೈರೈಟ್ ಮಾತ್ರ ಇಕ್ಕಟ್ಟಿನ ಮನೆ. ಸ್ಫಾಲರೈಟ್, ಗೆಲೀನಾ ಪಕ್ಕದಲ್ಲಿದ್ದರೆ ಧಾತುಗಳು ಸಾಮಾನ್ಯವಾಗಿ ಅತ್ತ ಹೋಗುತ್ತವೆ. ಮಾಲಿಬ್ಡಿನಂ ಮತ್ತು ಗಂಧಕ ಸೇರಿದ ಮಾಲಿಬ್ಡಿನೈಟ್‌ನಲ್ಲಿ ರೀನಿಯಂ ಇರುತ್ತದೆ. ಭೂಮಿಯ ತೊಗಟೆಯಲ್ಲಿ ರೀನಿಯಂ ಎಷ್ಟು ಕಡಿಮೆ ಅಂದರೆ, 1928ರಲ್ಲಿ ಅದರ ಮೊದಲ ಒಂದು ಗ್ರಾಂ ಪಡೆಯಲು 660 ಕೆಜಿ ಮಾಲಿಬ್ಡಿನೈಟ್ ಬೇಕಾಯಿತು. ಇವತ್ತು ವಿಮಾನದ ಎಂಜಿನ್ನಿನ ಬ್ಲೇಡುಗಳು ಅದನ್ನು ನಂಬಿಕೊಂಡಿವೆ.

ಇಷ್ಟು ಸಣ್ಣ ಪ್ರಮಾಣದ್ದನ್ನು ಹಳೆಯ ಕಾಲದವರು ಕಂಡುಹಿಡಿದದ್ದು ಹೇಗೆ?

ನನಗೆ ಇದು ತುಂಬಾ ಇಷ್ಟದ ಪ್ರಶ್ನೆ. ಆವರ್ತ ಕೋಷ್ಟಕದ ಎಷ್ಟೋ ಮನೆಗಳು ತುಂಬಿದ್ದು ಸಲ್ಫೈಡ್ ಅದಿರಿನ ಕೊಳೆಯಿಂದ.

1817ರಲ್ಲಿ ಸ್ವೀಡನ್ನಿನ ಗ್ರಿಪ್ಸ್‌ಹೋಮ್‌ನಲ್ಲಿ ಗಂಧಕಾಮ್ಲ ತಯಾರಿಸುತ್ತಿದ್ದರು. ಅದಕ್ಕೆ ಗಂಧಕ ಫಾಲೂನ್ ಗಣಿಯ ಪೈರೈಟ್‌ನಿಂದ ಬರುತ್ತಿತ್ತು. ತಳದಲ್ಲಿ ಕೆಂಪು ಕೆಸರು ಕೂತಿತು. ಅಲ್ಲಿನ ರಸಾಯನಶಾಸ್ತ್ರಜ್ಞ ಬರ್ಜೀಲಿಯಸ್ ಅದನ್ನು ಮೊದಲು ಟೆಲ್ಯೂರಿಯಂ ಅಂದುಕೊಂಡರು. ಮತ್ತೆ ಮತ್ತೆ ನೋಡಿದ ಮೇಲೆ ಹೊಸ ಧಾತು ಅಂತ ಗೊತ್ತಾಯಿತು. ಚಂದ್ರನ ಹೆಸರಿಟ್ಟು ಸೆಲೆನಿಯಂ ಅಂದರು. 1861ರಲ್ಲಿ ವಿಲಿಯಂ ಕ್ರೂಕ್ಸ್ ಗಂಧಕಾಮ್ಲ ಕಾರ್ಖಾನೆಯ ಅಂಥದೇ ಉಳಿಕೆಯನ್ನು ಜ್ವಾಲೆಗೆ ಹಿಡಿದಾಗ ರೋಹಿತದಲ್ಲಿ, ಅಂದರೆ ಬೆಳಕನ್ನು ಬಿಡಿಸಿದಾಗ ಕಾಣುವ ಬಣ್ಣದ ಪಟ್ಟಿಯಲ್ಲಿ, ಒಂದು ಹಸಿರು ಗೆರೆ ಕಂಡಿತು. ಗ್ರೀಕ್ ಭಾಷೆಯಲ್ಲಿ ಚಿಗುರಿಗೆ ಇರುವ ಹೆಸರಿನಿಂದ ಅದು ಥ್ಯಾಲಿಯಂ ಆಯಿತು.

1863ರಲ್ಲಿ ಜರ್ಮನಿಯ ಫ್ರೈಬರ್ಗ್‌ನಲ್ಲಿ ಫರ್ಡಿನಾಂಡ್ ರೈಶ್ ಅಲ್ಲಿನ ಸತುವಿನ ಅದಿರಿನಲ್ಲಿ ಥ್ಯಾಲಿಯಂ ಹುಡುಕುತ್ತಿದ್ದರು. ಅವರಿಗೆ ಬಣ್ಣಗುರುಡು. ರೋಹಿತದ ಗೆರೆ ನೋಡಿ ಹೇಳಲು ಸಹಾಯಕ ಥಿಯೊಡೋರ್ ರಿಕ್ಟರ್ ಅವರನ್ನು ಕರೆದರು. ಹಸಿರು ಗೆರೆ ಬರಲಿಲ್ಲ. ಅಚ್ಚ ನೀಲಿಯ ಗೆರೆ ಬಂತು, ನಮ್ಮ ಬಟ್ಟೆಯ ನೀಲಿಯ ಹಾಗೆ. ಆ ನೀಲಿಯಿಂದಲೇ ಇಂಡಿಯಂ ಅನ್ನುವ ಹೆಸರು. ಇಂಡಿಗೋ ಅನ್ನುವ ಪದ ಇಂಡಿಯಾದಿಂದ ಬಂದದ್ದು, ಹಾಗಾಗಿ ಸುತ್ತಿಬಳಸಿ ನಮ್ಮ ದೇಶದ ಹೆಸರೂ ಅಲ್ಲಿ ಸೇರಿದೆ.

1875ರಲ್ಲಿ ಲಕಾಕ್ ದ ಬ್ವಾಬೋದ್ರಾನ್ ಪಿರೆನೀಸ್ ಬೆಟ್ಟದ ಸ್ಫಾಲರೈಟ್‌ನಲ್ಲಿ ಗ್ಯಾಲಿಯಂ ಕಂಡರು. ನಾಲ್ಕು ವರ್ಷ ಮೊದಲೇ, ಆವರ್ತ ಕೋಷ್ಟಕ ರೂಪಿಸಿದ ಮೆಂಡಲೀವ್ ಅಂಥದೊಂದು ಧಾತು ಇದ್ದೇ ಇರುತ್ತದೆ ಎಂದು ಹೇಳಿ, ಕೋಷ್ಟಕದಲ್ಲಿ ಜಾಗ ಬಿಟ್ಟಿದ್ದರು. ಗ್ಯಾಲಿಯಂ ಕರಗುವುದು 29.8 ಡಿಗ್ರಿಗೆ. ರಾಯಚೂರಿನ ಬೇಸಿಗೆಯಲ್ಲಿ ಬಟ್ಟಲಲ್ಲಿಟ್ಟರೆ ತಾನಾಗಿಯೇ ನೀರಾಗುತ್ತದೆ.

ಮತ್ತೆ 1886, ಮತ್ತೆ ಫ್ರೈಬರ್ಗ್. ಆರ್ಜಿರೊಡೈಟ್ ಅನ್ನುವ ಬೆಳ್ಳಿಯ ಸಲ್ಫೈಡ್ ಖನಿಜವನ್ನು ಕ್ಲೆಮೆನ್ಸ್ ವಿಂಕ್ಲರ್ ವಿಶ್ಲೇಷಿಸಿದರು. ಬೆಳ್ಳಿ, ಗಂಧಕ, ಎಲ್ಲ ಕೂಡಿದರೂ ನೂರಕ್ಕೆ ಆರೇಳು ಪಾಲು ಲೆಕ್ಕಕ್ಕೆ ಸಿಗಲಿಲ್ಲ. ಎಷ್ಟು ಸಲ ಮಾಡಿದರೂ ಅಷ್ಟೇ. ಅಳತೆಯ ತಪ್ಪು ಅಂತ ಅವರು ಕೈಬಿಡಲಿಲ್ಲ. ತಿಂಗಳುಗಟ್ಟಲೆ ಹಿಡಿದು ಕೂತರು. ಆ ಕೊರತೆಯೇ ಜರ್ಮೇನಿಯಂ. ನಾನು ವಿದ್ಯಾರ್ಥಿಗಳಿಗೆ ಈ ಕಥೆ ತಪ್ಪದೆ ಹೇಳುತ್ತೇನೆ. ಮೊತ್ತ ನೂರಕ್ಕೆ ಬರದಿದ್ದರೆ ಅಂಕಿ ತಿದ್ದಬೇಡಿ, ಕಲ್ಲನ್ನು ಮತ್ತೆ ನೋಡಿ.

'ಕಣ್ಣಿಗೆ ಕಾಣದ ಚಿನ್ನ' ಅಂತಾರಲ್ಲ, ಅದು ನಿಜವೇ?

ನಿಜ. ಇಲ್ಲಿ ಎರಡು ಊರು ಹೋಲಿಸಿ ನೋಡೋಣ. ಕೋಲಾರದ ಚಾಂಪಿಯನ್ ರೀಫ್‌ನಲ್ಲಿ ಚಿನ್ನ ಬಿಳಿ ಬೆಣಚುಕಲ್ಲಿನೊಳಗೆ ಬಿಡಿಬಿಡಿಯಾಗಿ ಇತ್ತು. ಸಲ್ಫೈಡ್ ಕಡಿಮೆ. ಅರೆದು, ತೊಳೆದು ತೆಗೆಯಬಹುದಿತ್ತು. ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಬಿಡಿ ಚಿನ್ನವೂ ಇದೆ, ಆರ್ಸೆನೋಪೈರೈಟ್, ಪೈರೈಟ್, ಪಿರೋಟೈಟ್ (ಕಬ್ಬಿಣದ ಇನ್ನೊಂದು ಸಲ್ಫೈಡ್) ಜೊತೆ ಬೆರೆತ ಚಿನ್ನವೂ ಇದೆ. ಅಲ್ಲಿನ ಪೈರೈಟ್ ಹರಳಿನೊಳಗೇ, ಮಾಮೂಲಿ ಸೂಕ್ಷ್ಮದರ್ಶಕಕ್ಕೆ ಸಿಗದ ಚಿನ್ನ ಇದೆ ಎಂದು ಅಧ್ಯಯನಗಳು ತೋರಿಸಿವೆ.

ಜಗತ್ತಿನಲ್ಲಿ ಇದಕ್ಕೆ ದೊಡ್ಡ ಹೆಸರು ಅಮೆರಿಕದ ನೆವಾಡಾದ ಕಾರ್ಲಿನ್. 1961ರಲ್ಲಿ ಸಿಕ್ಕಿದ ನಿಕ್ಷೇಪ, 1965ರಲ್ಲಿ ಉತ್ಪಾದನೆ ಶುರು. ಅಲ್ಲಿನ ಕಲ್ಲು ನೋಡಿದರೆ ಮಾಮೂಲಿ ಬೂದು ಕಲ್ಲು. ಬಾಣಲೆಯಲ್ಲಿ ತೊಳೆದರೆ ಒಂದು ಮಿಣುಕೂ ಕಾಣುವುದಿಲ್ಲ. ಹಿಂದಿನ ಚಿನ್ನ ಹುಡುಕುವವರು ಅದರ ಮೇಲೇ ನಡೆದುಹೋಗಿದ್ದರು.

ಚಿನ್ನವನ್ನು ಒಳಗೆ ಬಿಟ್ಟುಕೊಳ್ಳುವುದು ಆರ್ಸೆನಿಕ್. ಶುದ್ಧ ಪೈರೈಟ್‌ನಲ್ಲಿ ಚಿನ್ನಕ್ಕೆ ಜಾಗ ತೀರಾ ಕಡಿಮೆ. ಆರ್ಸೆನಿಕ್ ಸೇರಿದಾಗ ಹರಳಿನ ಜೋಡಣೆ ಸ್ವಲ್ಪ ಹದಗೆಡುತ್ತದೆ, ಆ ಸಂದಿನಲ್ಲಿ ಚಿನ್ನ ಕೂರುತ್ತದೆ. 2005ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದಕ್ಕೆ ಮಿತಿ ಗುರುತಿಸಿತು: ಹೆಚ್ಚುಕಮ್ಮಿ 50 ಆರ್ಸೆನಿಕ್ ಪರಮಾಣುವಿಗೆ ಒಂದು ಚಿನ್ನದ ಪರಮಾಣು. ಅದಕ್ಕಿಂತ ಜಾಸ್ತಿ ಚಿನ್ನ ಇದ್ದರೆ ಅದು ನ್ಯಾನೋ ಕಣವಾಗಿ ಬೇರೆ ನಿಲ್ಲುತ್ತದೆ.

ಗಣಿಯವರಿಗೆ ಈ ಚಿನ್ನ ದೊಡ್ಡ ತಲೆನೋವು. ಎಷ್ಟು ನುಣ್ಣಗೆ ಅರೆದರೂ, ಚಿನ್ನ ಕರಗಿಸುವ ಸಯನೈಡ್ ದ್ರಾವಣ ಹರಳಿನ ಒಳಗಿನ ಚಿನ್ನವನ್ನು ಮುಟ್ಟಲಾರದು. ಮೊದಲು ಹರಳನ್ನೇ ಮುರಿಯಬೇಕು. ಹುರಿಯಬಹುದು, ಒತ್ತಡದ ಪಾತ್ರೆಯಲ್ಲಿ ಆಮ್ಲಜನಕ ಕೊಟ್ಟು ಕರಗಿಸಬಹುದು, ಇಲ್ಲವೇ ಬ್ಯಾಕ್ಟೀರಿಯಾ ಬಿಟ್ಟು ತಿನ್ನಿಸಬಹುದು. ದಕ್ಷಿಣ ಆಫ್ರಿಕಾದ ಫೇರ್‌ವ್ಯೂ ಗಣಿಯಲ್ಲಿ 1986ರಿಂದ ಬ್ಯಾಕ್ಟೀರಿಯಾ ಈ ಕೆಲಸ ಮಾಡುತ್ತಿವೆ.

ಹುರಿದರೆ ಆರ್ಸೆನಿಕ್ ಎಲ್ಲಿಗೆ ಹೋಗುತ್ತದೆ?

ಹೊಗೆಯಾಗಿ ಏಳುತ್ತದೆ, ತಣ್ಣಗಾದಾಗ ಬಿಳಿ ಪುಡಿಯಾಗಿ ಕೂರುತ್ತದೆ. ಅದೇ ಪಾಷಾಣ. ಕೆನಡಾದ ಯೆಲ್ಲೋನೈಫ್ ಪಕ್ಕದ ಜೈಂಟ್ ಗಣಿಯಲ್ಲಿ ಆರ್ಸೆನೋಪೈರೈಟ್‌ನೊಳಗಿನ ಚಿನ್ನಕ್ಕಾಗಿ ದಶಕಗಳ ಕಾಲ ಅದಿರು ಹುರಿದರು. ಮೊದಲ ವರ್ಷಗಳಲ್ಲಿ ಆ ಪುಡಿ ಗಾಳಿಗೆ ಹೋಯಿತು. ಆಮೇಲೆ ಹಿಡಿದು ನೆಲದಡಿಯ ಕೋಣೆಗಳಲ್ಲಿ ತುಂಬಿದರು. ಈಗ ಅಲ್ಲಿ 2,37,000 ಟನ್ ಇದೆ. ನೀರು ಒಳಗೆ ಹೋಗದ ಹಾಗೆ ಸುತ್ತಲಿನ ಬಂಡೆಯನ್ನೇ ಹೆಪ್ಪುಗಟ್ಟಿಸಿ ಇಡುವ ಯೋಜನೆ ನಡೆದಿದೆ. ಗಣಿ ಮುಚ್ಚಿದೆ, ಆ ಖರ್ಚು ಮುಗಿಯುವುದಿಲ್ಲ.

ಹಾಗಾದರೆ ಪೈರೈಟನ್ನು 'ಹುಚ್ಚರ ಚಿನ್ನ' ಅನ್ನೋದು ತಪ್ಪಾ?

ಹೊಳಪು ನೋಡಿ ಚಿನ್ನ ಅಂದುಕೊಂಡರೆ ಅದು ತಪ್ಪೇ. ಪೈರೈಟ್ ಗಟ್ಟಿ, ಸುತ್ತಿಗೆಯಲ್ಲಿ ಹೊಡೆದರೆ ಪುಡಿಯಾಗುತ್ತದೆ, ಗೀಚಿದರೆ ಕಪ್ಪು ಗೆರೆ ಬರುತ್ತದೆ. ಚಿನ್ನ ಮೆತ್ತಗೆ ಬಗ್ಗುತ್ತದೆ, ಗೆರೆ ಹಳದಿ. ಆದರೆ ಒಳಗೆ ಚಿನ್ನ ಇದೆಯೋ ಇಲ್ಲವೋ ಅನ್ನುವುದನ್ನು ಪ್ರಯೋಗಾಲಯವೇ ಹೇಳಬೇಕು.

ಈಗ ಅಳೆಯುವುದು ಹೇಗೆ?

ಮೊದಲೆಲ್ಲ ಕಲ್ಲನ್ನು ಪುಡಿ ಮಾಡಿ, ಆಮ್ಲದಲ್ಲಿ ಕರಗಿಸಿ ಅಳೆಯುತ್ತಿದ್ದರು. ಒಟ್ಟು ಎಷ್ಟಿದೆ ಅಂತ ಗೊತ್ತಾಗುತ್ತಿತ್ತು. ಯಾವ ಖನಿಜದಲ್ಲಿದೆ ಅಂತ ಗೊತ್ತಾಗುತ್ತಿರಲಿಲ್ಲ. ಸಾರಿನ ರುಚಿ ನೋಡಿ ಉಪ್ಪು ಯಾವ ತರಕಾರಿಯಲ್ಲಿದೆ ಅಂತ ಕೇಳಿದ ಹಾಗೆ.

ಎಲೆಕ್ಟ್ರಾನ್ ಮೈಕ್ರೋಪ್ರೋಬ್ ಬಂದ ಮೇಲೆ ಹರಳಿನ ಒಂದು ಚುಕ್ಕಿಯನ್ನು ನೋಡುವುದು ಸಾಧ್ಯವಾಯಿತು. ಆದರೆ ಸಾಮಾನ್ಯವಾಗಿ 100 ಪಿಪಿಎಂ ಆಸುಪಾಸಿಗಿಂತ ಕೆಳಗೆ ಅದರ ಕಣ್ಣು ಮಂಜು. ಈ ಕ್ಷೇತ್ರವನ್ನು ನಿಜವಾಗಿ ಬದಲಿಸಿದ್ದು ಲೇಸರ್ ಅಬ್ಲೇಶನ್ ಐಸಿಪಿ-ಎಂಎಸ್. ಅದರ ಮೊದಲ ಪ್ರಯೋಗ 1985ರದ್ದು. ಲೇಸರ್ ಕಿರಣ ಹರಳಿನ ಮೇಲೆ 20ರಿಂದ 50 ಮೈಕ್ರಾನ್ ಅಗಲದ ಗುಂಡಿ ತೋಡುತ್ತದೆ. ಕೂದಲಿಗಿಂತ ಸಣ್ಣ ಗುಂಡಿ. ಎದ್ದ ಆವಿಯನ್ನು ಬಿಸಿ ಪ್ಲಾಸ್ಮಾ ಅಯಾನುಗಳಾಗಿ (ವಿದ್ಯುದಂಶ ಹೊತ್ತ ಕಣಗಳಾಗಿ) ಮಾಡುತ್ತದೆ, ಯಂತ್ರ ಅವನ್ನು ತೂಕದ ಪ್ರಕಾರ ಎಣಿಸುತ್ತದೆ. ಎಷ್ಟೋ ಧಾತುಗಳನ್ನು 1 ಪಿಪಿಎಂಗಿಂತ ಕೆಳಗೂ ಹಿಡಿಯಬಹುದು.

ಗುಂಡಿ ಆಳಕ್ಕೆ ಹೋಗುತ್ತಿರುವಾಗ ಪರದೆಯ ಮೇಲೆ ಗೆರೆ ಮೂಡುತ್ತದೆ. ಗೆರೆ ಸಮತಟ್ಟಾಗಿದ್ದರೆ ಧಾತು ಹರಳಿನಲ್ಲಿ ಹರಡಿಕೊಂಡಿದೆ. ಇದ್ದಕ್ಕಿದ್ದಂತೆ ಒಂದು ಮೊನೆ ಎದ್ದರೆ ಲೇಸರ್ ಯಾವುದೋ ಕಣಕ್ಕೆ ತಗುಲಿದೆ. ಒಂದು ಎಚ್ಚರಿಕೆ: ನ್ಯಾನೋ ಕಣಗಳು ಸಮನಾಗಿ ಹರಡಿದ್ದರೂ ಗೆರೆ ಸಮತಟ್ಟಾಗಿಯೇ ಕಾಣುತ್ತದೆ. ಗೆರೆಯೊಂದನ್ನೇ ನಂಬಿ ತೀರ್ಪು ಕೊಡಬೇಡಿ.

ಅದಿರು ಎಲ್ಲಿ, ಹೇಗೆ ಹುಟ್ಟಿತು ಅಂತ ಇವುಗಳಿಂದ ತಿಳಿಯುತ್ತದೆಯೇ?

ಬಹಳಷ್ಟು ತಿಳಿಯುತ್ತದೆ. ಸುಣ್ಣಕಲ್ಲಿನಲ್ಲಿ ಕಡಿಮೆ ಬಿಸಿಯ, ನೂರು ನೂರೈವತ್ತು ಡಿಗ್ರಿಯ ಉಪ್ಪುನೀರಿನಿಂದ ಹುಟ್ಟಿದ ಸ್ಫಾಲರೈಟ್‌ನಲ್ಲಿ ಜರ್ಮೇನಿಯಂ, ಗ್ಯಾಲಿಯಂ ಜಾಸ್ತಿ. ಬಿಸಿ ಹೆಚ್ಚಿದ್ದಾಗ, ಶಿಲಾರಸದ ಹತ್ತಿರ ಹುಟ್ಟಿದ್ದರಲ್ಲಿ ಇಂಡಿಯಂ, ಮ್ಯಾಂಗನೀಸ್, ಕಬ್ಬಿಣ ಜಾಸ್ತಿ. 2016ರಲ್ಲಿ ಬಂದ ಒಂದು ಅಧ್ಯಯನ ಈ ಐದರ ಪ್ರಮಾಣ ಹಿಡಿದು ಸ್ಫಾಲರೈಟ್ ಹುಟ್ಟಿದ ತಾಪಮಾನ ಅಂದಾಜು ಮಾಡುವ ಸೂತ್ರ ಕೊಟ್ಟಿತು. ಕಲ್ಲೇ ಥರ್ಮಾಮೀಟರ್ ಆಗುತ್ತದೆ.

ಪೈರೈಟ್‌ನಲ್ಲಿ ಕೋಬಾಲ್ಟನ್ನು ನಿಕ್ಕಲ್‌ನಿಂದ ಭಾಗಿಸಿ ನೋಡುವುದು ಹಳೆಯ ವಿಧಾನ. ಒಂದಕ್ಕಿಂತ ಕಡಿಮೆ ಬಂದರೆ ಸಮುದ್ರದ ಕೆಸರಿನಲ್ಲಿ ಹುಟ್ಟಿದ್ದು, ಜಾಸ್ತಿ ಬಂದರೆ ಬಿಸಿನೀರಿನಿಂದ ಬಂದದ್ದು ಅಂತ. ನಾನು ಇದನ್ನು ಒಂಟಿಯಾಗಿ ನಂಬುವುದಿಲ್ಲ. ಸುತ್ತಲಿನ ಬಂಡೆಯಲ್ಲೇ ನಿಕ್ಕಲ್ ಜಾಸ್ತಿ ಇದ್ದರೆ ಬಿಸಿನೀರಿನ ಪೈರೈಟ್ ಕೂಡ ನಿಕ್ಕಲ್ ತುಂಬಿಕೊಳ್ಳುತ್ತದೆ. ನಮ್ಮ ಧಾರವಾಡ ಕಾಲದ ಹಸಿರುಶಿಲೆಗಳಲ್ಲಿ (ರೂಪ ಬದಲಾದ ಪುರಾತನ ಲಾವಾ ಬಂಡೆ) ಹೀಗಾಗುವ ಸಾಧ್ಯತೆ ಹೆಚ್ಚು.

ಇನ್ನೊಂದು ತೊಡಕಿದೆ. ಪೈರೈಟ್ ಮರದ ಹಾಗೆ ಸುತ್ತು ಸುತ್ತಾಗಿ ಬೆಳೆಯುತ್ತದೆ, ಒಂದೊಂದು ಸುತ್ತಿನಲ್ಲೂ ಬೇರೆ ಬೇರೆ ಧಾತು ಇರುತ್ತದೆ. ಆಮೇಲೆ ಭೂಮಿಯೊಳಗಿನ ಬಿಸಿಗೆ, ಒತ್ತಡಕ್ಕೆ ಸಿಕ್ಕರೆ ಹರಳು ಮತ್ತೆ ಹೊಸದಾಗಿ ಕಟ್ಟಿಕೊಳ್ಳುತ್ತದೆ. ಆಗ ಹಳೆಯ ಸುತ್ತುಗಳು ಅಳಿಸುತ್ತವೆ. ಚಿನ್ನ, ಬೆಳ್ಳಿ, ಬಿಸ್ಮತ್ ಮುಂತಾದವು ಹೊರದಬ್ಬಲ್ಪಟ್ಟು ಅಂಚಿನಲ್ಲಿ, ಬಿರುಕಿನಲ್ಲಿ ಕೂರುತ್ತವೆ. ಎಷ್ಟೋ ಕಡೆ ಕಣ್ಣಿಗೆ ಕಾಣುವ ಚಿನ್ನ ಹುಟ್ಟಿದ್ದು ಹೀಗೆ, ಕಾಣದ ಚಿನ್ನದಿಂದ. ಹಾಗಾಗಿ ಅಂಕಿ ಓದುವ ಮೊದಲು ಹರಳಿನ ಚಿತ್ರ ನೋಡಬೇಕು.

ವಯಸ್ಸೂ ತಿಳಿಯುತ್ತದಾ?

ಮಾಲಿಬ್ಡಿನೈಟ್ ಇದ್ದರೆ ಚೆನ್ನಾಗಿ ತಿಳಿಯುತ್ತದೆ. ಅದು ಹುಟ್ಟುವಾಗ ರೀನಿಯಂ ತುಂಬಿಕೊಳ್ಳುತ್ತದೆ, ಆಸ್ಮಿಯಂ ಅನ್ನು ಹೆಚ್ಚುಕಮ್ಮಿ ಒಳಗೇ ಬಿಡುವುದಿಲ್ಲ. ಕಾಲ ಕಳೆದಂತೆ ರೀನಿಯಂ-187 ನಿಧಾನವಾಗಿ ಆಸ್ಮಿಯಂ-187 ಆಗುತ್ತದೆ. ಇವತ್ತು ಒಳಗೆ ಇರುವ ಆಸ್ಮಿಯಂ ಎಲ್ಲ ಆ ಗಡಿಯಾರದ್ದೇ. ಮಧ್ಯಪ್ರದೇಶದ ಮಲಾಜ್‌ಖಂಡ್ ತಾಮ್ರದ ನಿಕ್ಷೇಪಕ್ಕೆ ಈ ಲೆಕ್ಕದಿಂದ ಸುಮಾರು 249 ಕೋಟಿ ವರ್ಷ ವಯಸ್ಸು ಅಂತ ಗೊತ್ತಾಯಿತು.

ಇಷ್ಟು ಬೆಲೆಬಾಳುವ ಧಾತುಗಳಿಗೆ ಬೇರೆ ಗಣಿ ಯಾಕೆ ಇಲ್ಲ?

ಅವು ಒಟ್ಟಾಗಿ ಒಂದು ಕಡೆ ಸೇರುವುದೇ ಅಪರೂಪ. ಇಂಡಿಯಂ ಬೇಕಾದರೆ ಸತು ಕರಗಿಸಬೇಕು. ರೀನಿಯಂ ಬೇಕಾದರೆ ತಾಮ್ರದ ಗಣಿಯ ಮಾಲಿಬ್ಡಿನೈಟ್ ಹುರಿಯಬೇಕು. ಸೆಲೆನಿಯಂ, ಟೆಲ್ಯೂರಿಯಂ ತಾಮ್ರ ಶುದ್ಧಿ ಮಾಡುವಾಗ ತಳದಲ್ಲಿ ಕೂರುವ ಕೆಸರಿನಿಂದ ಬರುತ್ತವೆ. ಅಲಾಸ್ಕದ ರೆಡ್ ಡಾಗ್ ಗಣಿಯ ಸತುವಿನ ಅದಿರಿನಲ್ಲಿರುವ ಜರ್ಮೇನಿಯಂ ಕೆನಡಾದ ಟ್ರೇಲ್ ಕಾರ್ಖಾನೆಯಲ್ಲಿ ಹೊರಬರುತ್ತದೆ. ಗ್ಯಾಲಿಯಂ ಮಾತ್ರ ಈಗ ಬಹುಪಾಲು ಬಾಕ್ಸೈಟ್‌ನಿಂದ ಬರುತ್ತದೆ.

ಇದರ ಪರಿಣಾಮ ಏನು ಗೊತ್ತಾ? ಇಂಡಿಯಂ ಬೆಲೆ ಎರಡು ಪಟ್ಟಾದರೂ ಅದಕ್ಕಾಗಿ ಯಾರೂ ಹೊಸ ಸತುವಿನ ಗಣಿ ತೆಗೆಯುವುದಿಲ್ಲ. 2023ರ ಆಗಸ್ಟ್ 1ರಿಂದ ಚೀನಾ ಗ್ಯಾಲಿಯಂ, ಜರ್ಮೇನಿಯಂ ರಫ್ತಿಗೆ ಪರವಾನಗಿ ಬೇಕು ಅಂದಾಗ ಜಗತ್ತು ಕಂಗಾಲಾದದ್ದು ಇದಕ್ಕೇ.

ಅದೇ 2023ರಲ್ಲಿ ಭಾರತ ಸರ್ಕಾರ 30 ನಿರ್ಣಾಯಕ ಖನಿಜಗಳ ಪಟ್ಟಿ ಹೊರಡಿಸಿತು. ಇಂಡಿಯಂ, ಗ್ಯಾಲಿಯಂ, ಜರ್ಮೇನಿಯಂ, ಕ್ಯಾಡ್ಮಿಯಂ, ಸೆಲೆನಿಯಂ, ಟೆಲ್ಯೂರಿಯಂ, ರೀನಿಯಂ ಎಲ್ಲವೂ ಅದರಲ್ಲಿವೆ. ಸತು ಇಲ್ಲ, ಸೀಸ ಇಲ್ಲ. ನನ್ನ ಮಟ್ಟಿಗೆ ಪಟ್ಟಿ ಅರ್ಧ ಮಾತ್ರ ಹೇಳುತ್ತದೆ. ಇಂಡಿಯಂ, ಕ್ಯಾಡ್ಮಿಯಂ ಬರುವ ದಾರಿ ಸತುವಿನ ಕಾರ್ಖಾನೆಯ ಉಳಿಕೆ. ಹೊಸ ಗುಡ್ಡ ಅಗೆಯುವ ಮೊದಲು, ಈಗಾಗಲೇ ಅಗೆದು ತಂದದ್ದರಲ್ಲಿ ಏನಿದೆ, ಎಷ್ಟು ಉಳಿಕೆ ರಾಶಿಗೆ ಹೋಗುತ್ತಿದೆ ಅಂತ ಅಳೆಯಬೇಕು. ಈ ಮಾತನ್ನು ನಾನು ಎಷ್ಟು ಸಲ ಬೇಕಾದರೂ ಹೇಳುತ್ತೇನೆ.

ಭಾರತದಲ್ಲಿ ಇವು ಎಲ್ಲೆಲ್ಲಿ ಹೊರಬರುತ್ತವೆ?

ರಾಜಸ್ಥಾನವೇ ಮುಖ್ಯ. ಭಿಲ್ವಾಡಾ ಜಿಲ್ಲೆಯ ರಾಂಪುರಾ ಅಗೂಚಾ, ರಾಜಸಮಂದ್ ಜಿಲ್ಲೆಯ ಸಿಂದೇಸರ್ ಖುರ್ದ್, ಉದಯಪುರದ ಹತ್ತಿರದ ಜಾವರ್ ಸತು-ಸೀಸದ ಗಣಿಗಳು. ಭಾರತದ ಗಣಿಗಳಿಂದ ಬರುವ ಬೆಳ್ಳಿಯಲ್ಲಿ ಹೆಚ್ಚುಪಾಲು ಈ ಅದಿರಿನದ್ದು. ದೀಪಾವಳಿಗೆ ಕೊಳ್ಳುವ ಬೆಳ್ಳಿ ನಾಣ್ಯದಲ್ಲಿ ಗೆಲೀನಾದ ಪಾಲು ಇರಬಹುದು. ಜಾವರ್‌ನಲ್ಲಿ ಶತಮಾನಗಳ ಹಿಂದೆಯೇ ಬದನೆಕಾಯಿ ಆಕಾರದ ಮಣ್ಣಿನ ಪಾತ್ರೆಗಳಲ್ಲಿ ಸತುವನ್ನು ಆವಿ ಮಾಡಿ ಇಳಿಸುತ್ತಿದ್ದರು. ಆ ಪಾತ್ರೆಗಳ ಗುಡ್ಡೆಗಳು ಇವತ್ತೂ ಅಲ್ಲಿವೆ.

ಜಾರ್ಖಂಡ್‌ನ ಸಿಂಗ್‌ಭೂಮ್ ತಾಮ್ರದ ಪಟ್ಟಿಯ ಅದಿರಿನಲ್ಲಿ ನಿಕ್ಕಲ್, ಸೆಲೆನಿಯಂ, ಟೆಲ್ಯೂರಿಯಂ, ಚಿನ್ನ ಇವೆ. ಕರ್ನಾಟಕದಲ್ಲಿ ಚಿತ್ರದುರ್ಗದ ಹತ್ತಿರದ ಇಂಗಳದಾಳದಲ್ಲಿ ತಾಮ್ರದ ಸಲ್ಫೈಡ್ ಗಣಿ ಇತ್ತು, ಈಗ ನಡೆಯುತ್ತಿಲ್ಲ.

ಕರಗಿಸುವ ಕಾರ್ಖಾನೆಗೆ ಇವು ಲಾಭವೋ ನಷ್ಟವೋ?

ಎರಡೂ. ತಾಮ್ರದ ಸಾಂದ್ರ (ಅರೆದು, ಬೇಡದ ಕಲ್ಲು ಬೇರ್ಪಡಿಸಿದ ಅದಿರು) ಕೊಳ್ಳುವವರು ಅದರಲ್ಲಿ ಚಿನ್ನ, ಬೆಳ್ಳಿ ಇದ್ದರೆ ಅದಕ್ಕೂ ದುಡ್ಡು ಕೊಡುತ್ತಾರೆ. ಆರ್ಸೆನಿಕ್, ಪಾದರಸ ಜಾಸ್ತಿ ಇದ್ದರೆ ದಂಡ ಹಾಕುತ್ತಾರೆ. ಆರ್ಸೆನಿಕ್ 0.5 ಶೇಕಡಾ ದಾಟಿದ ತಾಮ್ರದ ಸಾಂದ್ರಕ್ಕೆ ಚೀನಾದ ಬಂದರಿನಲ್ಲಿ ಪ್ರವೇಶವಿಲ್ಲ. ಸತುವಿನ ಕಾರ್ಖಾನೆಯಲ್ಲಿ ಜರ್ಮೇನಿಯಂ, ಕೋಬಾಲ್ಟ್ ದ್ರಾವಣದಲ್ಲಿ ತೀರಾ ಚೂರು ಉಳಿದರೂ ವಿದ್ಯುತ್ತಿನಿಂದ ಸತು ಕೂರಿಸುವ ಕೆಲಸ ಕೆಡುತ್ತದೆ, ಕೂತ ಸತು ಮತ್ತೆ ಕರಗುತ್ತದೆ. ಅದಕ್ಕೇ ಸತುವಿನ ಪುಡಿ ಹಾಕಿ ದ್ರಾವಣವನ್ನು ಮೊದಲು ತೊಳೆಯುತ್ತಾರೆ. ಕ್ಯಾಡ್ಮಿಯಂ ಹೊರಬರುವುದೂ ಆ ಹಂತದಲ್ಲೇ.

ಆರೋಗ್ಯಕ್ಕೆ ಎಷ್ಟು ಅಪಾಯ?

ಕಲ್ಲು ಕಲ್ಲಾಗಿ ನೆಲದೊಳಗೆ ಇರುವವರೆಗೆ ಸಾಮಾನ್ಯವಾಗಿ ಅಪಾಯ ಕಡಿಮೆ. ಪುಡಿ ಮಾಡಿ, ಗಾಳಿಗೆ, ಮಳೆಗೆ ಬಿಟ್ಟಾಗ ತೊಂದರೆ ಶುರು. ಪೈರೈಟ್ ನೀರು ಮತ್ತು ಆಮ್ಲಜನಕದ ಜೊತೆ ಸೇರಿ ಗಂಧಕಾಮ್ಲ ಆಗುತ್ತದೆ. ಕೆಲವು ಬ್ಯಾಕ್ಟೀರಿಯಾ ಈ ಕೆಲಸವನ್ನು ಬಹಳ ಬೇಗ ಮಾಡುತ್ತವೆ. ಆ ಆಮ್ಲ ಉಳಿದ ಖನಿಜಗಳನ್ನು ಕರಗಿಸಿ, ಹರಳಿನೊಳಗೆ ಕೋಟ್ಯಂತರ ವರ್ಷ ಸುಮ್ಮನೆ ಕೂತಿದ್ದ ಕ್ಯಾಡ್ಮಿಯಂ, ಆರ್ಸೆನಿಕ್‌ಗಳನ್ನು ನೀರಿಗೆ ಬಿಡುತ್ತದೆ. ಗಣಿ ಮುಚ್ಚಿದ ಮೇಲೂ ಇದು ನಿಲ್ಲುವುದಿಲ್ಲ.

ಜಪಾನಿನ ಕಮಿಯೋಕಾ ಸತು-ಸೀಸದ ಗಣಿಯಿಂದ ಕ್ಯಾಡ್ಮಿಯಂ ಜಿಂಜು ನದಿಗೆ ಸೇರಿತು, ನದಿಯಿಂದ ಗದ್ದೆಗೆ, ಗದ್ದೆಯಿಂದ ಅನ್ನಕ್ಕೆ. ಮೂತ್ರಪಿಂಡ ಕೆಟ್ಟು, ಮೂಳೆ ಮೆತ್ತಗಾಗಿ, ಮುಟ್ಟಿದರೆ ಮುರಿಯುವಂತಾಯಿತು. ಬಹುಪಾಲು ವಯಸ್ಸಾದ ಹೆಂಗಸರು. ನೋವಿಗೆ ಅವರು ಕೂಗುತ್ತಿದ್ದ 'ಇತಾಯಿ ಇತಾಯಿ' ಅನ್ನುವುದೇ ಕಾಯಿಲೆಯ ಹೆಸರಾಯಿತು. 1968ರಲ್ಲಿ ಸರ್ಕಾರ ಇದನ್ನು ಮಾಲಿನ್ಯದ ಕಾಯಿಲೆ ಅಂತ ಒಪ್ಪಿತು. ಅದೇ ಗಣಿಯ ಆಳದಲ್ಲಿ ಮುಂದೆ ನ್ಯೂಟ್ರಿನೋ (ಎಲ್ಲವನ್ನೂ ತೂರಿಹೋಗುವ ಅತಿಸಣ್ಣ ಕಣ) ಪ್ರಯೋಗಗಳು ನಡೆದವು. ನಮ್ಮ ಕೆಜಿಎಫ್ ಗಣಿಯಲ್ಲೂ 1965ರಲ್ಲಿ ವಾತಾವರಣದ ನ್ಯೂಟ್ರಿನೋಗಳು ಪತ್ತೆಯಾಗಿದ್ದವು. ಆ ಪ್ರಯೋಗಗಳ ಸುದ್ದಿ ಓದುವಾಗಲೆಲ್ಲ ನನಗೆ ಜಿಂಜು ದಡದ ಆ ಹೆಂಗಸರು ನೆನಪಾಗುತ್ತಾರೆ.

ನಮ್ಮಲ್ಲಿ ಯಾದಗಿರಿ ಜಿಲ್ಲೆಯ ಮಂಗಳೂರು ಚಿನ್ನದ ಗಣಿ ಪ್ರದೇಶವಿದೆ, ಕರಾವಳಿಯ ಮಂಗಳೂರಲ್ಲ. ಅಲ್ಲಿನ ಬಂಡೆಗಳಲ್ಲಿ ಚಿನ್ನದ ಜೊತೆ ಆರ್ಸೆನೋಪೈರೈಟ್ ಇದೆ. ಹತ್ತಿರದ ಕಿರದಳ್ಳಿ ತಾಂಡಾದಲ್ಲಿ ಕುಡಿಯುವ ನೀರಿನಲ್ಲಿ ಆರ್ಸೆನಿಕ್ ಕಂಡುಬಂತು. ಜನರ ಚರ್ಮದ ಮೇಲೆ ಕಲೆ, ಅಂಗೈ ಅಂಗಾಲಿನಲ್ಲಿ ಗಂಟು ಕಂಡವು.

ನಮ್ಮೂರು ಹಳೆಯ ಗಣಿಯ ಪಕ್ಕ ಇದೆ. ನೀರು ಪರೀಕ್ಷೆ ಮಾಡಿಸಬೇಕಾ?

ಮಾಡಿಸಿ. ಆರ್ಸೆನಿಕ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಕುದಿಸಿದರೆ ಹೋಗುವುದಿಲ್ಲ, ನೀರು ಆವಿಯಾಗಿ ಉಳಿದದ್ದು ಇನ್ನಷ್ಟು ಗಟ್ಟಿಯಾಗುತ್ತದೆ. ಬಟ್ಟೆಯಲ್ಲಿ ಸೋಸಿದರೂ ಪ್ರಯೋಜನವಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ.

ಪರೀಕ್ಷೆಗೆ ಕೊಡುವಾಗ 'ಕುಡಿಯಲು ಯೋಗ್ಯವೇ' ಅಂತ ಮಾತ್ರ ಕೇಳಬೇಡಿ. ಎಷ್ಟೋ ಸಲ ಉಪ್ಪಿನಂಶ, ಗಡಸುತನ, ಫ್ಲೋರೈಡ್ ನೋಡಿ ವರದಿ ಕೊಡುತ್ತಾರೆ. ಆರ್ಸೆನಿಕ್, ಕ್ಯಾಡ್ಮಿಯಂ, ಸೀಸ ನೋಡಿ ಅಂತ ಹೆಸರು ಹೇಳಿ ಬರೆಸಿ. ಬೇಸಿಗೆಯಲ್ಲಿ ಒಮ್ಮೆ, ಮಳೆಗಾಲ ಮುಗಿದ ಮೇಲೆ ಒಮ್ಮೆ ಮಾಡಿಸಿ, ಅಂತರ್ಜಲದ ಮಟ್ಟ ಬದಲಾದರೆ ಅಂಕಿಯೂ ಬದಲಾಗುತ್ತದೆ. ಒಂದು ಬಾವಿ ಚೆನ್ನಾಗಿದೆ ಅಂತ ಪಕ್ಕದ್ದನ್ನು ಬಿಡಬೇಡಿ. ಸಲ್ಫೈಡ್ ಇರುವ ಬಂಡೆಯ ಪಟ್ಟಿ ಅಗಲ ಕಡಿಮೆ, ನೂರಿನ್ನೂರು ಅಡಿ ಅಂತರದಲ್ಲಿ ಎರಡು ಕೊಳವೆಬಾವಿಗಳ ನೀರು ಬೇರೆ ಬೇರೆಯೇ ಇರಬಹುದು.